ಮುನಿಕೃಷ್ಣಪ್ಪನವರ ತುಲನಾತ್ಮಕ ತಖ್ತೆ

ನಮ್ಮ ಕಚೇರಿ ಹೆಬ್ಬಾಳದಲ್ಲಿದೆ. ಯಾವ ಇಲಾಖೆ ಎಂದು ಮಾತ್ರ ಕೇಳಬೇಡಿ. ಹೇಳಿದರೆ ನನಗೊಂದು ನೋಟೀಸು ಬರುತ್ತದೆ, ಆ ನೋಟೀಸಿಗೆ ನಂಬರು ಹಾಕುವವಳೂ ನಾನೇ ಆಗಿರುತ್ತೇನೆ. ಹದಿನಾಲ್ಕು ವರ್ಷದಿಂದ ಅಲ್ಲಿ ಟಪಾಲು ನೋಡಿಕೊಳ್ಳುವ ಸುಮಾ ನಾನು. ಒಳಗೆ ಬರುವ ಕಾಗದಕ್ಕೆ ನಂಬರು ಹಾಕುವುದು, ಹೊರಗೆ ಹೋಗುವ ಕಾಗದಕ್ಕೆ ನಂಬರು ಹಾಕುವುದು, ನಡುವೆ ಎಲ್ಲೋ ಕೂತುಬಿಟ್ಟ ಕಾಗದಕ್ಕೆ ನಾನು ಜವಾಬ್ದಾರಳಲ್ಲ ಎಂದು ಹೇಳುವುದು, ಇಷ್ಟೇ ನನ್ನ ಕೆಲಸ. ಈಗ ಹೇಳಹೊರಟಿರುವ ಗಲಾಟೆಗೂ ನಾನು ಜವಾಬ್ದಾರಳಲ್ಲ. ಪೂರ್ತಿ ಕೇಳಿದ ಮೇಲೆ ನೀವು ಬೇರೆ ಏನಾದರೂ ಅಂದುಕೊಂಡರೆ ಅದು ನಿಮ್ಮ ಸ್ವಭಾವ.

ಗಲಾಟೆಯ ಮೂಲ ಒಂದು ಫೋನು. ಫೋನು ಯಶೋಧಾಳದು. ಯಶೋಧಾ ನಮ್ಮ ಕಚೇರಿಯ ಖರೀದಿ ಶಾಖೆಯ ಮುನಿಕೃಷ್ಣಪ್ಪನವರ ಹೆಂಡತಿ. ಯಲಹಂಕದ ಹಳೇ ಊರಿನಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ ಅವರದು. ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಾಳೆ. ಈಗಿನ ಕಾಲದಲ್ಲಿ ಹೊಲಿಗೆ ಎಂದರೆ ಅರ್ಧ ಕೆಲಸ ಫೋನಿನಲ್ಲೇ. ಗಿರಾಕಿಗಳು ಬೆನ್ನಿನ ಡಿಸೈನು, ತೋಳಿನ ಡಿಸೈನು, ಸೀರೆಯ ಅಂಚು ಎಲ್ಲವನ್ನೂ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅವಳ ಫೋನಿಗೆ ಆರು ವರ್ಷ. ಗಾಜು ಒಡೆದಿದೆ, ಕೆಳಗಿನ ಅರ್ಧ ಎಷ್ಟು ಒತ್ತಿದರೂ ಕೇಳುವುದಿಲ್ಲ, ಮೇಲಿನ ಅರ್ಧದಲ್ಲಿ ಕಾಣುವುದಕ್ಕೆಲ್ಲ ಹಸಿರು ಛಾಯೆ. ನಾನು ನವಿಲು ನೀಲಿ ಸೀರೆಯ ಫೋಟೋ ಕಳಿಸಿ, ಮ್ಯಾಚಿಂಗ್ ಬಟ್ಟೆ ನೀನೇ ತಂದು ಹೊಲಿದುಬಿಡು ಎಂದಿದ್ದೆ. ಅವಳು ಮ್ಯಾಚಿಂಗ್ ಆಗಿಯೇ ತಂದಳು, ಆ ಫೋನಿನಲ್ಲಿ ಕಂಡದ್ದಕ್ಕೆ ಮ್ಯಾಚಿಂಗ್. ನನ್ನ ನಾದಿನಿಯ ಮಗಳ ಆರತಕ್ಷತೆಗೆ ನಾನು ನೀಲಿ ಸೀರೆ, ಗಿಳಿ ಹಸಿರು ಬ್ಲೌಸಿನಲ್ಲಿ ಹೋದೆ. ಫೋಟೋದಲ್ಲಿ ನಾನೆಲ್ಲಿದ್ದೇನೆ ಎಂದು ಯಾರೂ ಹುಡುಕಬೇಕಾಗಿಲ್ಲ.

ಇಂಥ ಯಶೋಧಾಳಿಗೆ ಮೊದಲ ಬಾರಿಗೆ ಒಂದು ಮದುವೆಯ ಆರ್ಡರ್ ಬಂತು. ಚಿಕ್ಕಜಾಲದ ಮುನಿಗಂಗಮ್ಮ ಎಂಬುವರ ಮಗಳ ಮದುವೆ. ಹುಡುಗಿಗೂ ಬಳಗಕ್ಕೂ ಸೇರಿ ಹದಿನೇಳು ಬ್ಲೌಸು, ಎಲ್ಲಕ್ಕೂ ಕೈಕೆಲಸ. ಭಾನುವಾರ ಹನ್ನೊಂದು ಗಂಟೆಗೆ ವಿಡಿಯೋ ಕಾಲ್ ಮಾಡಿ ಸೀರೆಗಳನ್ನು ಒಂದೊಂದಾಗಿ ತೋರಿಸುತ್ತೇವೆ, ಬಣ್ಣ ನೋಡಿ ಅಲ್ಲೇ ಡಿಸೈನು ಹೇಳಬೇಕು, ಆಗದಿದ್ದರೆ ಆರ್.ಟಿ. ನಗರದಲ್ಲಿ ಒಂದು ಬೊಟಿಕ್ ನೋಡಿಟ್ಟಿದ್ದೇವೆ ಎಂದು ಅವರು ಮೊದಲೇ ಹೇಳಿದ್ದರು. ಇದೊಂದು ಕೈ ಹತ್ತಿದರೆ ಯಶೋಧಾ ಫಾಲು, ಪಿಕೋ, ಹುಕ್ಕು ಹಚ್ಚುವ ಬದುಕಿನಿಂದ ಒಂದು ಮೆಟ್ಟಿಲು ಮೇಲೆ ಬರುತ್ತಿದ್ದಳು. ತಪ್ಪಿದರೆ ಮತ್ತೆ ಹುಕ್ಕೇ ಗತಿ. ಭಾನುವಾರದೊಳಗೆ ಹೊಸ ಫೋನು ಬೇಕಿತ್ತು. ದುಡ್ಡು ಅವಳದೇ ಇತ್ತು. ಅಂಗಡಿ ಮನೆಯಿಂದ ಮುನ್ನೂರು ಹೆಜ್ಜೆ. ಇಲ್ಲದಿದ್ದದ್ದು ತೀರ್ಮಾನ ಒಂದೇ, ಅದು ಗಂಡನ ಕೈಯಲ್ಲಿತ್ತು.

ಎರಡು ತಿಂಗಳ ಹಿಂದೆ ಅವಳೇ ಹೊರಟಿದ್ದಳಂತೆ. ಇವರು ಚಪ್ಪಲಿ ಹಾಕಿಕೊಳ್ಳಲು ಬಿಡಲಿಲ್ಲ. "ಖರೀದಿ ಅಂದ್ರೆ ಹುಡುಗಾಟ ಅಲ್ಲ ಕಣೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲ್ಸ ಮಾಡ್ತಿದೀನಿ. ನಂಗೆ ಬಿಡು" ಎಂದರು. ಪಾಪ, ಅವಳು ಬಿಟ್ಟಳು.

ಇಪ್ಪತ್ತೆರಡು ವರ್ಷ ಎಂಬುದು ಸುಳ್ಳಲ್ಲ. ಕಚೇರಿಗೆ ಬೇಕಾದ ಪೊರಕೆ, ಬಕೆಟ್ಟು, ಕುರ್ಚಿ, ಕಾಗದದ ಬಂಡಲು ಎಲ್ಲ ಅವರ ಕೈಯಿಂದಲೇ ಬರಬೇಕು. ಬರುತ್ತಲೂ ಇದ್ದವು, ಆದರೆ ನಿಧಾನವಾಗಿ. ಒಮ್ಮೆ ಪೊರಕೆ ಕೊಳ್ಳಲು ಎಂಟು ತಿಂಗಳು ತೆಗೆದುಕೊಂಡು, ಪೊರಕೆಯೊಂದಕ್ಕೆ ಒಂದೂವರೆ ರೂಪಾಯಿ ಉಳಿಸಿದರು. ಆ ಎಂಟು ತಿಂಗಳು ನಾವೆಲ್ಲ ಕಸದಲ್ಲೇ ಕೂತು ಸರ್ಕಾರದ ಸೇವೆ ಮಾಡಿದೆವು.

ವಾಜಿದ್‌ನ ಮೊಬೈಲ್ ಅಂಗಡಿಗೆ ಅವರು ಒಂಬತ್ತನೇ ಸಲ ಹೋದಾಗ ನಾನು ಅಲ್ಲೇ ಇದ್ದೆ, ಚಾರ್ಜರ್ ಕೊಳ್ಳಲು ಹೋಗಿದ್ದೆ. ಗಾಜಿನ ಮೇಲೆ ಎರಡು ಫೋನು ಅಕ್ಕಪಕ್ಕ ಮಲಗಿದ್ದವು. ಮುನಿಕೃಷ್ಣಪ್ಪನವರು ಒಂದನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿ ತೂಕ ನೋಡುತ್ತಿದ್ದರು.

"ವಾಜಿದ್, ಇದರ ಬ್ಯಾಟರಿ ಜಾಸ್ತಿ. ಅದರ ಕ್ಯಾಮೆರಾ ಚೆನ್ನಾಗಿದೆ."

"ಹೌದು ಸರ್. ಹೋದ ತಿಂಗ್ಳೂ ಹಂಗೇ ಇತ್ತು."

"ಬೆಲೇಲಿ ಏಳ್ನೂರು ರೂಪಾಯಿ ವ್ಯತ್ಯಾಸ."

"ಅದೂ ಹಂಗೇ ಇದೆ ಸರ್."

"ಮತ್ತೆ ನೀವೇನ್ ಹೇಳ್ತೀರ?"

"ಏನ್ ಹೇಳ್ಲಿ ಸರ್. ನೀವು ಮೊದ್ಲು ಬಂದಾಗ ಇವೆರಡೂ ಹೊಸ ಮಾಡೆಲ್ಲು. ಈಗ ಎರಡಕ್ಕೂ ತಮ್ಮಂದಿರು ಬಂದವ್ರೆ. ಅವ್ರನ್ನೂ ತೋರ್ಸ್ಲಾ?"

ಮುನಿಕೃಷ್ಣಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. "ಬೇಡ, ಬೇಡ. ಇವುಗಳದೇ ಮುಗಿದಿಲ್ಲ" ಎಂದವರೇ ಮನೆಗೆ ಹೋಗಿ, ಇದಕ್ಕೆ ಉಳಿದಿರುವ ದಾರಿ ಒಂದೇ ಎಂದು ಹೆಂಡತಿಗೆ ಸಾರಿದರು. ತುಲನಾತ್ಮಕ ತಖ್ತೆ.

ಸರ್ಕಾರಿ ಕೆಲಸದಲ್ಲಿ ಇಲ್ಲದ ಪುಣ್ಯವಂತರಿಗೆ ಇದೇನೆಂದು ಹೇಳಬೇಕು. ಕಚೇರಿಗೆ ಏನೇ ಕೊಳ್ಳಬೇಕಾದರೂ ಅಂಗಡಿಗಳಿಂದ ದರಪಟ್ಟಿ ತರಿಸಿ, ಒಂದು ಹಾಳೆಯಲ್ಲಿ ಅಡ್ಡ ಉದ್ದ ಗೆರೆ ಎಳೆದು, ಯಾರದು ಏನು ಎಷ್ಟು ಎಂದು ಅಕ್ಕಪಕ್ಕ ಬರೆಯುತ್ತಾರೆ. ಅದೇ ತಖ್ತೆ. ಬ್ರಾಂಡಿನ ಹೆಸರು ಬರೆಯುವಂತಿಲ್ಲ, ಬರೆದರೆ ಆಡಿಟ್‌ನವರು ಹಿಡಿಯುತ್ತಾರೆ, ಆದ್ದರಿಂದ ಎ, ಬಿ ಎಂದೇ ಬರೆಯಬೇಕು. ಹೆಂಡತಿಯ ಫೋನಿಗೆ ಯಾವ ಆಡಿಟ್ಟು ಎಂದು ನೀವು ಕೇಳಬಹುದು. ಮುನಿಕೃಷ್ಣಪ್ಪನವರನ್ನು ಕೇಳಬೇಡಿ, ಅರ್ಧ ದಿನ ಹೋಗುತ್ತದೆ.

ಇದಕ್ಕೆ ಸೇರಿಕೊಂಡದ್ದು ಅವರ ಕನ್ನಡ. ಹೋದ ರಾಜ್ಯೋತ್ಸವದಲ್ಲಿ, ವರ್ಷವಿಡೀ ಕಡತದಲ್ಲಿ ಒಂದೂ ಇಂಗ್ಲಿಷ್ ಪದ ಬಳಸಲಿಲ್ಲವೆಂದು ಅವರಿಗೆ ಶಾಲು ಹೊದಿಸಿದ್ದರು. ಅಂದಿನಿಂದ ಇಂಗ್ಲಿಷ್ ಪದ ಬರೆಯಬೇಕಾದಾಗಲೆಲ್ಲ ಶಾಲು ಜಾರಿದಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಫೋನಿನ ಸ್ಕ್ರೀನು ಅವರ ತಖ್ತೆಯಲ್ಲಿ ‘ಮುಖ’ ಆಯಿತು. ಮೆಮೊರಿ ‘ಜ್ಞಾಪಕಶಕ್ತಿ’ ಆಯಿತು. ಕ್ಯಾಮೆರಾ ‘ದೃಷ್ಟಿ’. ಎರಡು ಸಿಮ್ ಹಾಕುವ ಸೌಲಭ್ಯ ‘ಏಕಕಾಲಕ್ಕೆ ಎರಡು ಸಂಪರ್ಕ’. ಇನ್ನು ಚಾರ್ಜ್ ಎಂಬ ಪದಕ್ಕೆ ಬಂದಾಗ ಅವರು ಆಡಳಿತ ಪದಕೋಶ ತೆಗೆದರು. ಅದರಲ್ಲಿ ಏನಿರುತ್ತದೆ, ಹುದ್ದೆಯ ಚಾರ್ಜ್ ವಹಿಸುವುದಕ್ಕೆ ಇಪ್ಪತ್ತೆರಡು ವರ್ಷದಿಂದ ಅವರು ಬರೆಯುತ್ತಾ ಬಂದ ಪದವೇ ಇತ್ತು. ‘ಪ್ರಭಾರ’.

ಸೋಮವಾರ ಬೆಳಿಗ್ಗೆ ಪ್ರಿಂಟರಿನ ತಟ್ಟೆಯಲ್ಲಿ ನನಗೆ ಸಿಕ್ಕ ಹಾಳೆಯಲ್ಲಿ ಹೀಗಿತ್ತು. ಮೇಲೆ ‘ಗೌಪ್ಯ’. ಕೆಳಗೆ ‘ವಿಷಯ: ಎ ಅಥವಾ ಬಿ ಆಯ್ಕೆ ಕುರಿತು’. ಆಮೇಲೆ ಗೆರೆಗಳ ನಡುವೆ:

ತೂಕ: ಎ – ವಿಪರೀತ. ಬಿ – ಹಗುರ.
ಮುಖ: ಎ – ಅಗಲ. ಬಿ – ಹೊಳಪು ಜಾಸ್ತಿ, ಬಿಸಿಲಲ್ಲಿ ಮಂಕು.
ಮೂಲ: ಎ – ಹೊರಗಿನದು, ಇಲ್ಲಿ ಜೋಡಣೆ ಮಾತ್ರ.
ಜ್ಞಾಪಕಶಕ್ತಿ: ಎ – ಎಂಟು. ಬಿ – ಆರು, ಪ್ರಯತ್ನಪಟ್ಟರೆ ಹೆಚ್ಚಳ ಸಾಧ್ಯ.
ದ್ರವ ಸಹಿಷ್ಣುತೆ: ಎ – ಸಾಧಾರಣ. ಬಿ – ಎರಡು ಹನಿ ಬಿದ್ದರೂ ಖಲಾಸ್.
ಏಕಕಾಲಕ್ಕೆ ಎರಡು ಸಂಪರ್ಕ: ಎ – ಉಂಟು.
ಸ್ವಭಾವ: ಎ – ಬೇಗ ಬಿಸಿ. ಬಿ – ಕೈಯಿಂದ ಜಾರುವ ಗುಣ.
ಪ್ರಭಾರ ಕೊಟ್ಟಲ್ಲಿ ಬಾಳಿಕೆ: ಎ – ಒಂದೂವರೆ ದಿನ. ಬಿ – ಸಂಜೆ ನಾಲ್ಕಕ್ಕೇ ಸುಸ್ತು.

ಕೊನೆಯಲ್ಲಿ ‘ಸಕ್ಷಮ ಪ್ರಾಧಿಕಾರದ ಅನುಮೋದನೆಗಾಗಿ ಮಂಡಿಸಿದೆ’ ಎಂದಿತ್ತು. ಅವರ ಲೆಕ್ಕದಲ್ಲಿ ಸಕ್ಷಮ ಪ್ರಾಧಿಕಾರ ಎಂದರೆ ಯಶೋಧಾ. ಅದನ್ನು ಯಾರು ಊಹಿಸಬೇಕು? ತಖ್ತೆಯಲ್ಲಿ ಕ್ರಿಯಾಪದ ಇರುವುದಿಲ್ಲ. ಕ್ರಿಯಾಪದ ಇಲ್ಲದಿದ್ದರೆ ಕನ್ನಡದಲ್ಲಿ ಅವನೋ ಅದೋ ಗೊತ್ತಾಗುವುದಿಲ್ಲ.

ಅದಕ್ಕೆ ಸರಿಯಾಗಿ, ನಮ್ಮ ಅಧೀಕ್ಷಕರು ನಿವೃತ್ತರಾಗಿ ಒಂದೂವರೆ ತಿಂಗಳಾಗಿತ್ತು. ಅವರ ಜಾಗದ ಪ್ರಭಾರಕ್ಕೆ ಇಬ್ಬರು ಕಾದು ಕೂತಿದ್ದರು. ಒಬ್ಬರು ಬಾಗಲಕೋಟೆ ಕಡೆಯ ನಾಗಲಿಂಗಪ್ಪ, ಚಿಕ್ಕಬಾಣಾವರದಲ್ಲಿ ಮನೆ, ದಪ್ಪ ಆಳು, ಮಾತು ಜೋರು. ಇನ್ನೊಬ್ಬರು ಆರ್.ಟಿ. ನಗರದ ವಿಜಯ್ ಕುಮಾರ್, ಸಪೂರ, ಮುಖಕ್ಕೆ ದಿನಕ್ಕೆರಡು ಸಲ ಕ್ರೀಮು. ನಮ್ಮ ಸಾಹೇಬರಾದ ಪದ್ಮಶ್ರೀ ಮೇಡಂ, ಈ ಇಬ್ಬರಲ್ಲಿ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಮುನಿಯುತ್ತಾರೆಂದು ಆ ಕಡತವನ್ನು ಮೇಜಿನ ಎಡಗಡೆಯಿಂದ ಬಲಗಡೆಗೆ, ಬಲಗಡೆಯಿಂದ ಎಡಗಡೆಗೆ ಇಡುತ್ತಿದ್ದರು.

ಹಾಳೆ ಫೋನಿನದು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ನನಗೆ ಆ ಗಿಳಿ ಹಸಿರು ಬ್ಲೌಸು ನೆನಪಾಯಿತು. ಎರಡು ತಿಂಗಳು ಹೆಂಡತಿಯನ್ನು ಕಾಯಿಸಿದ ಮಹಾಶಯರಿಗೆ ಒಂದಿಷ್ಟು ಬಿಸಿ ತಾಗಲಿ ಎನ್ನಿಸಿತು. ಅನುಮೋದನೆಗಾಗಿ ಎಂದಿರುವ ಕಾಗದವನ್ನು ಮೇಡಂ ಕಡತಕ್ಕೆ ಸೇರಿಸುವುದು ನನ್ನ ಕರ್ತವ್ಯ, ಸೇರಿಸಿದೆ. ಒಂದು ಫೋಟೋ ತೆಗೆದು ಮೂವರಿಗೆ ಮಾತ್ರ ಕಳಿಸಿದೆ. ಆ ಮೂವರೂ ನನ್ನಷ್ಟೇ ಕರ್ತವ್ಯನಿಷ್ಠರು. ಊಟದ ಹೊತ್ತಿಗೆ ಕಚೇರಿಯಲ್ಲಿ ಆ ಫೋಟೋ ನೋಡದವರು ಇಬ್ಬರೇ ಉಳಿದಿದ್ದರು, ಬರೆದ ಮುನಿಕೃಷ್ಣಪ್ಪ ಮತ್ತು ನೀರಿನ ಕ್ಯಾನು ತರುವವನು.

ಇದರಲ್ಲಿ ಒಂದು ಚಂದವಿತ್ತು. ಹಾಳೆಯ ಮೇಲೆ ‘ಗೌಪ್ಯ’ ಎಂದಿತ್ತಲ್ಲ, ಓದಿದ್ದೇನೆ ಎಂದು ಒಪ್ಪಿಕೊಂಡರೆ ತಪ್ಪಾಗುತ್ತದೆ. ಆದ್ದರಿಂದ ಯಾರೂ ಬಾಯಿಬಿಡಲಿಲ್ಲ. ಎ ಎಂದರೆ ತಾವೇ ಎಂದುಕೊಂಡ ನಾಗಲಿಂಗಪ್ಪ ಮಂಗಳವಾರದಿಂದ ಊಟದ ಡಬ್ಬಿಯಲ್ಲಿ ಸೌತೆಕಾಯಿ ತರಲು ಶುರು ಮಾಡಿದರು. ಬೇಗ ಬಿಸಿ ಎಂಬ ಮಾತು ಸುಳ್ಳು ಮಾಡಲು, ಜೋರು ದನಿ ಬಿಟ್ಟು ಪಿಸುಗುಟ್ಟತೊಡಗಿದರು. ಅವರು ಪಿಸುಗುಟ್ಟುವುದನ್ನು ಎಂದೂ ಕೇಳದ ನಾವು ಹುಷಾರಿಲ್ಲವೇನೋ ಎಂದುಕೊಂಡೆವು. ವಿಜಯ್ ಕುಮಾರ್ ಜ್ಞಾಪಕಶಕ್ತಿಗೆಂದು ದಿನಾ ಒಂದೆಲಗದ ರಸ ಕುಡಿದರು, ನಾಲ್ಕಕ್ಕೇ ಸುಸ್ತು ಎಂದದ್ದಕ್ಕೆ ಸಂಜೆ ಏಳರವರೆಗೂ ಕೂತರು, ಟೀ ಬಂದರೂ ಮುಟ್ಟಲಿಲ್ಲ. "ಬೇಡಪ್ಪ, ನಾನು ನೀರು ಬಿಟ್ರೆ ಬೇರೇನೂ ಕುಡಿಯಲ್ಲ" ಎಂದು, ಯಾರೂ ಕೇಳದಿದ್ದರೂ, ಮೇಡಂ ಕೋಣೆಯ ಬಾಗಿಲಿಗೆ ಕೇಳುವಂತೆ ಮೂರು ಸಲ ಹೇಳಿದರು.

ಮುನಿಕೃಷ್ಣಪ್ಪನವರು ಹಾಳೆ ಕಳೆದುಹೋಯಿತೆಂದುಕೊಂಡು ಇನ್ನೊಂದು ಪ್ರತಿ ಬರೆಯುತ್ತಿದ್ದರು. ಎರಡನೇ ಪ್ರತಿಯಲ್ಲಿ ಇನ್ನೂ ನಾಲ್ಕು ಗೆರೆ ಸೇರಿಸಿದ್ದಾರೆಂದು ಯಶೋಧಾ ನನಗೆ ಫೋನ್ ಮಾಡಿ ಅತ್ತಳು. ಅತ್ತದ್ದೂ ಅರ್ಧ ಕೇಳಿಸಿತು, ಆ ಫೋನಿನ ಯೋಗ್ಯತೆ ಅಷ್ಟೇ. ಗುರುವಾರದೊಳಗೆ ಏನಾದರೂ ಮಾಡೋಣ ಎಂದೆ.

ಆದರೆ ಬುಧವಾರವೇ ನಿಂಗವ್ವ ಬಂದರು. ನಿಂಗವ್ವ ಎಂದರೆ ನಾಗಲಿಂಗಪ್ಪನವರ ಮನೆಯಾಕೆ. ಅವರಿಗೆ ಸೇವಾ ನಿಯಮವೂ ಇಲ್ಲ, ಗೌಪ್ಯವೂ ಇಲ್ಲ. ಕೈಯಲ್ಲಿ ಗಂಡನ ಊಟದ ಡಬ್ಬಿ ಹಿಡಿದು ನೇರ ಖರೀದಿ ಶಾಖೆಯ ಮೇಜಿನ ಮುಂದೆ ನಿಂತರು.

"ಅಣ್ಣಾರ, ಎ ಅನ್ನೂದಕ್ಕ ಏಕಕಾಲಕ್ಕ ಎರಡು ಸಂಪರ್ಕ ಐತಿ ಅಂತ ನೀವು ಬರದೀರಂತಲ್ಲ, ಖರೇ ಏನು?"

ತನ್ನ ತಖ್ತೆಯ ಬಗ್ಗೆ ಹೊರಗಿನವರೊಬ್ಬರು ವಿಚಾರಿಸುತ್ತಿದ್ದಾರೆಂದು ಮುನಿಕೃಷ್ಣಪ್ಪನವರ ಮುಖ ಅರಳಿತು. "ಹೌದು ತಾಯಿ. ನಿಮ್ಗೂ ಬೇ‌ಕಿತ್ತಾ? ಈಗ ಅದೇನೂ ವಿಶೇಷ ಅಲ್ಲ. ಎಲ್ಲದ್ರಲ್ಲೂ ಎರಡು ಇದ್ದೇ ಇರುತ್ತೆ."

"ಎಲ್ಲಾರಿಗೂ ಇರತಾವ?"

"ಇರುತ್ತೆ. ಒಂದು ಮನೆಗೆ, ಒಂದು ಆಫೀಸ್‌ಗೆ. ಅನುಕೂಲ ತಾನೆ? ಬೇಡ ಅನ್ಸಿದಾಗ ಒಂದನ್ನ ಆಫ್ ಮಾಡಿ ಇಡ್ಬಹುದು."

ನಿಂಗವ್ವ ನಿಧಾನವಾಗಿ ತಲೆಯೆತ್ತಿ ಇಡೀ ಹಾಲ್ ನೋಡಿದರು. ಹದಿಮೂರು ಜನ ಗಂಡಸರು, ಗೋಡೆಯ ಮೇಲೊಂದು ಕ್ಯಾಲೆಂಡರು, ಮೂಲೆಯಲ್ಲಿ ನಾನು. ಹೆಂಗಸು ಎಂದು ಇದ್ದವಳು ನಾನೊಬ್ಬಳೇ. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ನಾನು ಇಪ್ಪತ್ತು ನಿಮಿಷ ಟಪಾಲು ಪುಸ್ತಕದಿಂದ ತಲೆಯೆತ್ತಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅದು ಮಹರಾಯಂದಿರಿಗೆ ಮಾತ್ರ ಎಂದುಕೊಂಡಿದ್ದು ನನ್ನ ತಪ್ಪು.

ಅಷ್ಟರಲ್ಲಿ ನಾಗಲಿಂಗಪ್ಪ ಪಿಸುದನಿ ಬಿಟ್ಟು ಓಡಿಬಂದರು. "ಏನ್ರೀ ಮುನಿಕೃಷ್ಣಪ್ಪ, ಸಂಸಾರ ಮಾಡೂ ಮಂದಿ ಅದೀವಿ. ನನಗೆಲ್ಲಿ ಎರಡ ಸಂಪರ್ಕ? ಮತ್ತ ಅದೇನ್ರೀ, ಹೊರಗಿನದು, ಇಲ್ಲಿ ಜೋಡಣಿ ಅಂತ? ಹತ್ತೊಂಬತ್ತು ವರ್ಷ ಆತು ನಾ ಬಂದು. ನಾ ಏನ್ ಸೈಕಲ್ಲೇನು, ಇಲ್ಲಿ ಜೋಡಸಾಕ?"

"ನಿಮ್ದಾದ್ರೂ ಪರ್ವಾಗಿಲ್ಲ ಸಾರ್" ಎಂದು ವಿಜಯ್ ಕುಮಾರ್ ಎದ್ದರು. "ನಂಗೆ ಎರಡು ಹನಿ ಬಿದ್ರೆ ಖಲಾಸ್ ಅಂತ ಬರ್ದವ್ರೆ. ಕೈಯಿಂದ ಜಾರೋ ಗುಣ ಅಂದ್ರೇನು ಸಾರ್ ಅರ್ಥ? ಒಂದು ಸಲ ಗುಂಪಲ್ಲಿ ತೀರ್ಥ ತಗೊಂಡಿದ್ದು, ಅದೂ ಇವ್ರೇ ಕೊಡ್ಸಿದ್ದು."

ಮುನಿಕೃಷ್ಣಪ್ಪನವರಿಗೆ ತಲೆಬುಡ ತಿಳಿಯಲು ಹತ್ತು ನಿಮಿಷ ಬೇಕಾಯಿತು. ತಿಳಿದಮೇಲೆ ಕುರ್ಚಿಯಲ್ಲಿ ಕುಸಿದರು. "ಅಯ್ಯೋ, ಅದು ಫೋನ್ ಬಗ್ಗೆ ಕಣ್ರೀ. ನಮ್ಮನೆಯವಳಿಗೆ ಫೋನ್ ತಗೊಳ್ಬೇಕು ಅಂತ."

"ಫೋನಿಗೆ ಯಾರಾದ್ರೂ ಪ್ರಭಾರ ಕೊಡ್ತಾರೇನ್ರೀ?" ಎಂದರು ನಾಗಲಿಂಗಪ್ಪ.

ಕೊನೆಗೆ ವಿಜಯ್ ಕುಮಾರ್ ಒಂದು ನ್ಯಾಯ ಹೇಳಿದರು. "ಫೋನೇ ಆದ್ರೆ ತಗೊಂಡು ಬಂದು ತೋರ್ಸಿ. ನಂಬ್ತೀವಿ." ಎಲ್ಲರೂ ತಲೆಯಾಡಿಸಿದರು. ನನಗೂ ಸಮಾಧಾನವಾಯಿತು. ಅಂತೂ ಈ ನೆವದಲ್ಲಾದರೂ ಯಶೋಧಾಳಿಗೆ ಫೋನು ಬರುತ್ತದಲ್ಲ ಎಂದುಕೊಂಡೆ.

ಎರಡೇ ನಿಮಿಷ. ಆಮೇಲೆ ಯಾರಿಗೋ ಹೊಳೆಯಿತು, ಇವರು ಎ ತಂದರೆ ನಾಗಲಿಂಗಪ್ಪ ಮೇಲು ಎಂದಂತಾಯಿತು, ಬಿ ತಂದರೆ ವಿಜಯ್ ಕುಮಾರ್. ಖರೀದಿಯಲ್ಲಿ ಇಪ್ಪತ್ತೆರಡು ವರ್ಷದ ಅನುಭವವಿರುವವರು ಸ್ವಂತ ದುಡ್ಡಲ್ಲಿ, ಅದೂ ಹೆಂಡತಿಗೆ, ಯಾವುದನ್ನು ಆರಿಸಿದರು ಎಂಬುದಕ್ಕಿಂತ ದೊಡ್ಡ ಶಿಫಾರಸು ಯಾವುದಿದೆ? ಮೇಡಂ ಕೂಡ ಅದನ್ನೇ ಕಾಯುತ್ತಿದ್ದಾರೆ ಎಂದು ಒಬ್ಬರು ಹೇಳಿದರು. ಸ್ವಂತ ದುಡ್ಡಲ್ಲ ಅದು, ಯಶೋಧಾಳ ದುಡ್ಡು ಎಂದು ನಾನು ಹೇಳಿದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ಮುನಿಕೃಷ್ಣಪ್ಪನವರ ಮೇಜಿನ ಮೇಲೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಂತು. ಕಳಿಸಿದವರು ಖುದ್ದು ನಿಂಗವ್ವ. "ಎ ಗಟ್ಟಿಮುಟ್ಟ ಐತ್ರಿ, ಬಾಳಿಕಿ ಬರತೈತಿ" ಎಂದು ನಾಗಲಿಂಗಪ್ಪ ತಮ್ಮ ಬಗ್ಗೆ ತಾವೇ ಹೇಳಿಕೊಂಡರು. ಸಂಜೆ ಆರ್.ಟಿ. ನಗರದ ವಿಜಯ್ ಕುಮಾರ್ ತಮ್ಮ ಕಾರಿನಲ್ಲಿ ಮುನಿಕೃಷ್ಣಪ್ಪನವರನ್ನು ಯಲಹಂಕದವರೆಗೆ ಬಿಟ್ಟುಬಂದರು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೇಡದ ದಿಕ್ಕಿಗೆ ಹೋಗಿ ಬರುವ ಮನುಷ್ಯ ಎಂಥ ತ್ಯಾಗಕ್ಕೂ ಸಿದ್ಧನಿರುತ್ತಾನೆ. ದಾರಿಯುದ್ದಕ್ಕೂ "ಬಿ ನೋಡೋಕೆ ಸಪೂರ ಅಷ್ಟೇ ಸಾರ್, ಒಳಗೆ ಪ್ರೊಸೆಸರ್ ಸಕ್ಕತ್ತಾಗಿದೆ" ಎಂದರಂತೆ.

ಇಪ್ಪತ್ತೆರಡು ವರ್ಷದಲ್ಲಿ ಮುನಿಕೃಷ್ಣಪ್ಪನವರಿಗೆ ಯಾರೂ ಒಂದು ಲೋಟ ಮಜ್ಜಿಗೆ ಕೊಟ್ಟವರಿರಲಿಲ್ಲ. ಈಗ ರೊಟ್ಟಿ, ಕಾರು, ಎದ್ದು ನಿಂತು ನಮಸ್ಕಾರ. ಫೋನು ಕೊಂಡ ಮರುಕ್ಷಣ ಇದೆಲ್ಲ ನಿಂತುಹೋಗುತ್ತದೆ ಎಂಬಷ್ಟು ಬುದ್ಧಿ ಅವರಿಗೂ ಇತ್ತು. ಮನೆಯಲ್ಲಿ ಹೆಂಡತಿ "ತಂದ್ರಾ?" ಎಂದರೆ, "ಪರಿಶೀಲನೇಲಿದೆ" ಎನ್ನುತ್ತಿದ್ದರು.

ಶುಕ್ರವಾರ ಪದ್ಮಶ್ರೀ ಮೇಡಂ ಕರೆಸಿದರು. ಸಹಿಗೆ ಕಾಗದ ಹಿಡಿದು ನಾನೂ ಒಳಗೆ ನಿಂತಿದ್ದೆ. ಮುನಿಕೃಷ್ಣಪ್ಪನವರು ಬಾಗಿಲಲ್ಲೇ ಕೈಮುಗಿದು, "ಮೇಡಂ, ಆ ತಖ್ತೆ, ಅದು ಫೋನು…" ಎಂದು ಶುರು ಮಾಡಿದರು.

"ಗೊತ್ತು ಬಿಡಿ. ಫೋನಲ್ಲಿ ಎಲ್ರೂ ನೋಡಾಗಿದೆ. ಅದಕ್ಕೆ ತಲೆ ಕೆಡಿಸ್ಕೋಬೇಡಿ" ಎಂದರು ಮೇಡಂ.

ಸದ್ಯ, ಮೇಡಮ್ಮಿಗೆ ಮಾತ್ರ ಅರ್ಥವಾಗಿದೆ ಎಂದು ಮುನಿಕೃಷ್ಣಪ್ಪನವರು ಉಸಿರು ಬಿಟ್ಟರು. ಮೇಡಂ ಹಾಳೆ ಎತ್ತಿದರು.

"ತುಂಬಾ ಚೆನ್ನಾಗಿ ಬರ್ದಿದೀರಿ. ಒಂದೂವರೆ ತಿಂಗಳಿಂದ ನಂಗೆ ಆಗದೆ ಇದ್ದಿದ್ದನ್ನ ಒಂದು ಪೇಜಲ್ಲಿ ಇಟ್ಟಿದೀರಿ. ಆದ್ರೆ ಎರಡೇ ಇದೆಯಲ್ಲ. ನಿಯಮ ನಿಮ್ಗೆ ನಾನು ಹೇಳ್ಬೇಕಾ? ಕನಿಷ್ಠ ಮೂರು ಇರ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?"

ಹೆಂಡತಿಯ ಫೋನಿನ ವಿಷಯದಲ್ಲೂ ನಿಯಮ ಕೇಳುವ ಅಧಿಕಾರಿಯನ್ನು ಕಂಡು ಅವರ ಕಣ್ಣು ತುಂಬಿತು. "ತಪ್ಪಾಯ್ತು ಮೇಡಂ. ಮೂರನೇದು ಸೇರ್ಸ್ತೀನಿ."

"ಹೊರಗಿಂದ ಹುಡುಕ್ಕೊಂಡು ಬರ್ಬೇಡಿ. ಇರೋದ್ರಲ್ಲೇ ಒಂದು ಹಾಕಿ."

"ಇದೆ ಮೇಡಂ, ಒಂದು ಹಳೇದು."

"ಹಳಬರಾದ್ರೆ ಇನ್ನೂ ಒಳ್ಳೇದು" ಎಂದರು ಮೇಡಂ.

ಇಲ್ಲಿ ಇನ್ನೊಂದು ಮರ್ಮ ಹೇಳಬೇಕು. ದರಪಟ್ಟಿ ಮೂರಿರಬೇಕು ಎಂಬುದು ನಿಯಮ, ಮೂರನೆಯದು ಸೋಲಬೇಕು ಎಂಬುದು ಪದ್ಧತಿ. ಅದನ್ನು ಸೋಲಲೆಂದೇ ಹಾಕುವುದು. ಮುನಿಕೃಷ್ಣಪ್ಪನವರು ಅಂದು ರಾತ್ರಿ ಸಿ ಎಂಬ ಕಾಲಮ್ಮಿನಲ್ಲಿ ಯಶೋಧಾಳ ಹಳೇ ಫೋನನ್ನು ಹಾಕಿ, ಶನಿವಾರ ಬೆಳಿಗ್ಗೆ ಮಂಡಿಸಿದರು. ಮಧ್ಯಾಹ್ನ ಮೂರಕ್ಕೆ ಮೇಡಂ ಆದೇಶ ನನ್ನ ಮೇಜಿಗೇ ನಂಬರು ಹಾಕಲು ಬಂತು. ‘ತಖ್ತೆ ಪರಿಶೀಲಿಸಿದೆ. ಸಿ ಸೂಕ್ತವೆಂದು ಕಂಡುಬಂದಿದೆ. ಹೆಚ್ಚುವರಿ ವೆಚ್ಚವಿಲ್ಲದೆ ಸಿ ಯನ್ನೇ ಮುಂದುವರಿಸಿ, ಅಧೀಕ್ಷಕರ ಪ್ರಭಾರವನ್ನು ಶ್ರೀ ಮುನಿಕೃಷ್ಣಪ್ಪ ಇವರಿಗೆ ವಹಿಸಿದೆ. ಪ್ರಭಾರ ಭತ್ಯೆ ಅನ್ವಯಿಸುವುದಿಲ್ಲ.’

ತಮ್ಮನ್ನು ತಾವೇ ಇಷ್ಟು ಹೀನವಾಗಿ ಬರೆದುಕೊಂಡ ವಿನಯವಂತರನ್ನು ಇಡೀ ಸೇವೆಯಲ್ಲಿ ಕಂಡಿಲ್ಲ ಎಂದು ಮೇಡಂ ನನ್ನೊಡನೆ ಹೇಳಿ ಕನ್ನಡಕ ಒರೆಸಿಕೊಂಡರು. ನಾಗಲಿಂಗಪ್ಪ ಮತ್ತು ವಿಜಯ್ ಕುಮಾರ್ ಅಂದು ಮೊದಲ ಬಾರಿಗೆ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದರು. "ಸೋಲೂ ಕೊಟೇಶನ್ನ ಗೆದ್ದಬಿಡ್ತಲ್ರೀ" ಎಂದು ಒಬ್ಬರು, "ಹೋಗ್ಲಿ ಬಿಡಿ ಸಾರ್, ಭತ್ಯೆ ಇಲ್ಲ" ಎಂದು ಇನ್ನೊಬ್ಬರು ಪರಸ್ಪರ ಸಮಾಧಾನ ಹೇಳಿಕೊಂಡರು.

ಸಂಜೆ ಆರಕ್ಕೆ ನಾನು ಯಶೋಧಾಳ ಮನೆಯಲ್ಲಿದ್ದೆ. ಏನೇ ಆಗಲಿ, ಈ ಪುಕಾರಿನಲ್ಲಿ ನನ್ನದೂ ಒಂದು ಕೈ ಇತ್ತು, ಮನಸ್ಸು ತಡೆಯಲಿಲ್ಲ. ಅವಳು ಗೋಡೆಯ ಮೇಲೆ ಬಣ್ಣದ ದಾರಗಳನ್ನು ಸಾಲಾಗಿ ತೂಗುಹಾಕಿ ಭಾನುವಾರಕ್ಕೆ ತಯಾರಾಗಿ ಕೂತಿದ್ದಳು. ಮುನಿಕೃಷ್ಣಪ್ಪನವರು ಕಾಲು ಕೇಜಿ ಮೈಸೂರುಪಾಕು ಹಿಡಿದು ಒಳಗೆ ಬಂದರು.

"ಫೋನೆಲ್ಲಿ?" ಎಂದಳು.

"ಅದಕ್ಕಿಂತ ದೊಡ್ಡ ಸುದ್ದಿ ಕಣೆ. ನಾನೀಗ ಅಧೀಕ್ಷಕ." ಆದೇಶವನ್ನೂ ತಖ್ತೆಯನ್ನೂ ಅವಳ ಮಡಿಲಲ್ಲಿಟ್ಟರು. ನಡೆದದ್ದನ್ನೆಲ್ಲ ಹೇಳಿ, ಕೊನೆಗೆ ಗಂಟಲು ಸರಿಮಾಡಿಕೊಂಡರು. "ಈಗ ಒಂದು ತೊಂದ್ರೆ ಇದೆ. ಸಿ ನೇ ಮುಂದುವರ್ಸಿ ಅಂತ ಲಿಖಿತ ಆದೇಶ ಆಗಿದೆ. ಈಗ ನಾನು ಎ ತಗೊಂಡ್ರೆ ಬಿ ಕಡೆಯವ್ರಿಗೆ ಬೇಜಾರು, ಬಿ ತಗೊಂಡ್ರೆ ಎ ಕಡೆಯವ್ರಿಗೆ. ಇಬ್ರೂ ಈಗ ನನ್ನ ಕೈಕೆಳಗಿನವ್ರು. ಒಂದು ಆರ್ ತಿಂಗ್ಳು ನಿಭಾಯ್ಸ್ಕೋ."

ಯಶೋಧಾ ತಖ್ತೆ ಎತ್ತಿಕೊಂಡು ಸಿ ಎಂಬಲ್ಲಿ ಬೆರಳಿಟ್ಟು ಒಂದೊಂದೇ ಗೆರೆ ಓದತೊಡಗಿದಳು.

"ಸೇವಾವಧಿ, ದೀರ್ಘ. ಮುಖ, ಹಳತು, ಅಲ್ಲಲ್ಲಿ ಬಿರುಕು. ದನಿ, ಇತ್ತೀಚೆಗೆ ಕಡಿಮೆ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ನಿರಂತರ ಬಳಕೆ. ಹೊರಗೆ ಬೆಲೆ, ಶೂನ್ಯ. ವೆಚ್ಚ, ಇಲ್ಲ. ಷರಾ, ಹೇಗೋ ನಡೆಯುತ್ತಿದೆ, ಬದಲಾವಣೆಯ ತುರ್ತು ಇಲ್ಲ." ಓದಿ ತಲೆಯೆತ್ತಿದಳು. "ಇದು ಫೋನಾ?"

"ಫೋನೇ ಕಣೆ. ನಿನ್ನಾಣೆ."

"ನಿಮ್ ಮೇಡಂ ಇದನ್ನ ಓದಿ ನೀವು ಅಂದ್ಕೊಂಡ್ರಾ?"

"ಹೂಂ."

"ಅವ್ರಿಗೇನ್ ಗೊತ್ತು ಪಾಪ" ಎಂದಳು ಯಶೋಧಾ.

ನನಗೆ ಆ ಸೋಮವಾರದ ಹಾಳೆಯನ್ನು ಪ್ರಿಂಟರಿನಲ್ಲೇ ಹರಿದು ಹಾಕಬೇಕಿತ್ತು ಎನ್ನಿಸಿತು. ಮುನಿಕೃಷ್ಣಪ್ಪನವರು ಮೈಸೂರುಪಾಕಿನ ಪೊಟ್ಟಣದ ದಾರ ಬಿಚ್ಚುತ್ತಾ, ಕಟ್ಟುತ್ತಾ ಇದ್ದರು. ಅವಳು ತಖ್ತೆಯನ್ನು ನಾಲ್ಕು ಮಡಿಕೆ ಮಾಡಿ ಮೆಷಿನ್ನಿನ ಕಾಲು ಅಲ್ಲಾಡುತ್ತಿದ್ದ ಕಡೆ ಇಟ್ಟಳು. ಬೀರುವಿನಿಂದ ಪರ್ಸ್ ತೆಗೆದುಕೊಂಡು, "ಬಾ ಸುಮಾ" ಎಂದು ಚಪ್ಪಲಿ ಮೆಟ್ಟಿದಳು. "ಹಿಟ್ಟು ನೆನೆಸಿಲ್ಲ, ಅನ್ನಕ್ಕೆ ಇಟ್ಟಿಲ್ಲ, ನಾಳೆ ಬೆಳಿಗ್ಗೆ ತಿಂಡೀನೂ ನನ್ನ ಕೇಳ್ಬೇಡಿ" ಎಂದು ಗಂಡನಿಗೆ ಹೇಳಿದಳು. ಜೋರಾಗೇನೂ ಹೇಳಲಿಲ್ಲ.

ವಾಜಿದ್ ಅಭ್ಯಾಸಬಲದಿಂದ ಎರಡೂ ಫೋನು ತೆಗೆದು ಗಾಜಿನ ಮೇಲಿಟ್ಟ. ಯಶೋಧಾ ಪರ್ಸಿನಿಂದ ಒಂದು ನೀಲಿ ದಾರದ ಉಂಡೆ ತೆಗೆದು ಎರಡರಲ್ಲೂ ಫೋಟೋ ಹಿಡಿದಳು. ಒಂದರಲ್ಲಿ ನೀಲಿ ನೀಲಿಯಾಗೇ ಕಂಡಿತು. ಅದನ್ನು ಕೊಂಡಳು. ವಾಜಿದ್ ಬಿಲ್ಲು ಬರೆದು ಮತ್ತೊಮ್ಮೆ ಓದಿಕೊಂಡ, ಎರಡು ತಿಂಗಳ ಮೇಲೆ ಆ ಮನೆಯಿಂದ ವ್ಯಾಪಾರವಾದದ್ದನ್ನು ನಂಬಲು ಅವನಿಗೆ ಹೊತ್ತು ಬೇಕಿತ್ತು. ಎ ನೋ ಬಿ ನೋ ಎಂದು ನಾನು ಈವರೆಗೂ ಕಚೇರಿಯಲ್ಲಿ ಬಾಯಿಬಿಟ್ಟಿಲ್ಲ.

ಭಾನುವಾರ ಹನ್ನೊಂದಕ್ಕೆ ಮುನಿಗಂಗಮ್ಮನವರ ಕಾಲ್ ಬಂತು. ಸೀರೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಯಶೋಧಾ ತಡೆಯದೆ ಹೇಳುತ್ತಾ ಹೋದಳು, ಇದಕ್ಕೆ ಜರಿ ಕೆಲಸ ಬೇಡ, ಅದಕ್ಕೆ ಮಣಿ ಹಾಕೋಣ, ಈ ಕುಂಕುಮದ ಬಣ್ಣಕ್ಕೆ ಬೆನ್ನು ಇಷ್ಟೇ ಇಳಿಸಿದರೆ ಸಾಕು. ಹದಿನೇಳರಲ್ಲಿ ಹದಿನಾರು ಮುಗಿಯುವವರೆಗೂ ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಮುನಿಕೃಷ್ಣಪ್ಪನವರು ಅವಳ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಚಟ್ನಿಗೆಂದು ಎರಡು ತೆಂಗಿನಕಾಯಿ ತೆಗೆದುಕೊಂಡು, ಮೊದಲು ಯಾವುದನ್ನು ಒಡೆಯುವುದೆಂದು ಒಂದನ್ನು ಬಲಗಿವಿಗೆ, ಇನ್ನೊಂದನ್ನು ಎಡಗಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಒಂಬತ್ತು ಗಂಟೆಯಿಂದ ಅಲ್ಲಾಡಿಸುತ್ತಿದ್ದರು.

"ಅಲ್ಲಮ್ಮ, ನಿನ್ನ ಇಂದೆ ಯಾರೋ ನಿಂತವ್ರಲ್ಲ, ಯಾರದು?" ಎಂದರು ಫೋನಿನೊಳಗಿನಿಂದ ಮುನಿಗಂಗಮ್ಮ. ಅಷ್ಟು ಸ್ಪಷ್ಟವಾಗಿ ಕಾಣಿಸುತ್ತಿತ್ತು.

ಯಶೋಧಾ ತಿರುಗಿ ನೋಡಲಿಲ್ಲ.

"ನಮ್ಮನೆಯವ್ರು. ತಿಂಡಿ ಮಾಡ್ತಾವ್ರೆ. ಅದಾಗೋ ಹೊತ್ಗೆ ನಿಮ್ಮ ಮಗಳ ಸೀಮಂತಕ್ಕೂ ನಾನೇ ಹೊಲ್ದಿರ್ತೀನಿ. ನೀವು ತೋಳಿನ ಉದ್ದ ಹೇಳಿ."